ಬಿಚ್ಚಿದ್ದು ತಪ್ಪಲ್ಲ ಮಗಳೇ

ಪೆರ್ಲ

ಚಿ. ಮಗಳಿಗೆ ಮಾವನ ಆಶೀರ್ವಾದ.

ಅಡಿಕೆ ಕ್ರಯ, ನಿನ್ನ ಅಮ್ಮನ ಮಂಡಿನೋವು ಎಲ್ಲ ಫೋನಿನಲ್ಲಿ ಗೊತ್ತಾಗಿರುತ್ತದೆ. ನಾನು ಬರೆಯಲು ಕೂತದ್ದು, ಅಳಿಯಂದಿರಿಗೆ ಹೃದಯಾಘಾತವಾದ ಮೇಲೆ ನೀನು ಬರೆದ ಪತ್ರದ ಒಂದು ಸಾಲಿಗಾಗಿ. "ನಿಂತ ರಕ್ತ ತಿರುಗಿ ಹರಿದಾಗಲೇ ನಾಳಕ್ಕೆ ಪೆಟ್ಟಾಗುತ್ತದಂತೆ ಮಾವ, ಹಾಗಾದ್ರೆ ಇವರ ಹೃದಯದ ಬ್ಲಾಕ್ ಬಿಡಿಸಿದ್ದೇ ತಪ್ಪಾ?" ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಸಣ್ಣ ಮಾವನ ಕುಂಟು ಕಾಲು, ಹಾವು ಕಚ್ಚಿದ ಕತೆ ನಿನಗೆ ಗೊತ್ತು. ಗಂಟು ಹಾಕಿದವ ನಾನು ಅಂತ ಗೊತ್ತಿಲ್ಲ. 1974ರ ಮಳೆಗಾಲ. ಕತ್ತದ ಹಗ್ಗ ಸುತ್ತಿ, ಅಡಿಕೆ ಸಲಾಕೆಯ ಚೂರು ಸಿಕ್ಕಿಸಿ ತಿರುಚಿದೆ. ಪಾದ ಮೊದಲು ಬಿಳಿಚಿತು, ಆಮೇಲೆ ನೇರಳೆಯಾಯಿತು. ಜೀಪು ಸಿಕ್ಕಿ ಕಾಸರಗೋಡು ಮುಟ್ಟುವಾಗ ನಾಲ್ಕು ಗಂಟೆ ಕಳೆದಿತ್ತು. ಅಲ್ಲಿ ಬಿಚ್ಚಿದರು. ನೋಡನೋಡುತ್ತಾ ಮೀನಖಂಡ ಬೀಗಿ ಚರ್ಮ ಹೊಳೆಯತೊಡಗಿತು. ಕಚ್ಚಿದ್ದು ಬರೀ ಒಳ್ಳೆ ಹಾವು, ವಿಷವೇ ಇರಲಿಲ್ಲ. "ಬಿಚ್ಚಿದ್ದರಿಂದ ಹೀಗಾಯ್ತು" ಅಂತ ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಹಾಗೆ ಹೇಳುವುದು ನನಗೆ ಸುಲಭವಾಗಿತ್ತು, ಅಲ್ವಾ?

ನೀನು ಕೇಳಿದ್ದು ಸುಳ್ಳಲ್ಲ. ರಕ್ತ ಸಿಗದೆ ಸೊರಗಿದ ನಾಳಕ್ಕೆ ಒಮ್ಮೆಲೇ ಆಮ್ಲಜನಕ ಬಂದರೆ ಒಳಪದರ ಊದುತ್ತದೆ, ಬಿಳಿ ರಕ್ತಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ದೊಡ್ಡ ನಾಳ ತೆರೆದರೂ ಕೂದಲಿನಂಥ ನಾಳಗಳಲ್ಲಿ ಕೆಲವೊಮ್ಮೆ ರಕ್ತ ಹೋಗುವುದಿಲ್ಲ. ಆದರೆ ತೆರೆಯದೆ ಬಿಟ್ಟಿದ್ದರೆ? ಆ ಭಾಗದ ಹೃದಯವೇ ಸಾಯುತ್ತಿತ್ತು. ಹೆಚ್ಚು ಹೊತ್ತು ಮುಚ್ಚಿದ್ದಷ್ಟೂ ಪೆಟ್ಟು ಜಾಸ್ತಿ. ನೀನು ಅಳಿಯಂದಿರನ್ನು ಎರಡು ಗಂಟೆಯೊಳಗೆ ಮಂಗಳೂರಿಗೆ ಮುಟ್ಟಿಸಿದೆ. ನಾನು ನಾಲ್ಕು ಗಂಟೆ ಗಂಟು ಬಿಗಿ ಉಂಟಾ ಅಂತ ಮುಟ್ಟಿ ಮುಟ್ಟಿ ನೋಡುತ್ತಾ ಕೂತಿದ್ದೆ.

ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ಸಡಿಲಿಸಿದರೆ ನಾಳಕ್ಕೆ ಒಳ್ಳೆಯದಾ ಅಂತ ಕೇಳಿದ್ದೀ. ಅದರ ಮೂಲ 1986ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗ. 5 ನಿಮಿಷದಂತೆ ನಾಲ್ಕು ಸಲ ರಕ್ತ ತಡೆದು ಬಿಟ್ಟಿದ್ದ ಹೃದಯ, ಆಮೇಲಿನ ದೊಡ್ಡ ತಡೆಯನ್ನು ಚೆನ್ನಾಗಿ ತಾಳಿತ್ತು. ಮನುಷ್ಯರ ತೋಳಿಗೆ ಪಟ್ಟಿ ಕಟ್ಟಿ, 5 ಸಾವಿರಕ್ಕೂ ಜಾಸ್ತಿ ಹೃದಯಾಘಾತದ ರೋಗಿಗಳಲ್ಲಿ ಮಾಡಿದ ಪರೀಕ್ಷೆಯ ಫಲ 2019ರಲ್ಲಿ ಬಂತು. ಸಾವೂ ಕಡಿಮೆಯಾಗಲಿಲ್ಲ, ಹೃದಯ ಸೋಲುವುದೂ ಕಡಿಮೆಯಾಗಲಿಲ್ಲ. ಬೇಡ ಮಗಳೇ, ಸುಮ್ನೆ ಕಟ್ಟಬೇಡ. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟು ನನ್ನಿಂದ ನೋಡಲಾಗದು.

ನಾಳ ತೆರೆದೇ ಇರಲಿ ಅಂತ ಒಳಗಿಡುವ ಸಣ್ಣ ಬಲೆ, ಆ ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಎರಡು ಮಾತ್ರೆ, ಹಲ್ಲು ಕೀಳಿಸಲಿಕ್ಕಿದ್ದರೂ ಡಾಕ್ಟ್ರನ್ನು ಕೇಳದೆ ನಿಲ್ಲಿಸಬಾರದು. ನಿನಗೆ ಹೇಳಿಯೇ ಇರುತ್ತಾರೆ, ಆದರೂ ಬರೆದೆ. ಬೀಡಿ ಬಿಡಿಸು. ಹೊಗೆ ಆ ಒಳಪದರವನ್ನೇ ಕೆಡಿಸುತ್ತದೆ. ಅರುವತ್ತರವರೆಗೆ ಸೇದಿದ ನಾನು ಇನ್ನೂ ಯಾವ ಬಾಯಲ್ಲಿ ಹೇಳಲಿ?

ಮತ್ತೆ ಅದೇ ಮಾತು: ಬಿಡಿಸಿದ್ದು ತಪ್ಪಲ್ಲ. ನಿನ್ನೆ ಸಣ್ಣ ಮಾವನ ಹತ್ತಿರವೂ ಹೇಳಿದೆ, ತಪ್ಪಿದ್ದು ನನ್ನ ಗಂಟು ಅಂತ. "ಗೊತ್ತುಂಟು, ನಾನು ಎಚ್ಚರ ಇದ್ದೆ" ಅಂದು ಅಡಿಕೆ ಸುಲಿಯುವುದನ್ನು ಮುಂದುವರಿಸಿದ.

ಇಂತು,
ಮಾವ