ಬೆಲ್ಲಕ್ಕೇಕೆ ‘ಜಾಗರಿ’ ವೇಷ?

ಮಾನ್ಯ ಸಂಪಾದಕರೇ,

ಬೆಂಗಳೂರು–ಮೈಸೂರು ಹೆದ್ದಾರಿಯ ಕೆಲವು ಹೋಟೆಲುಗಳ ಫಲಕದಲ್ಲಿ ಈಗ ಬೆಲ್ಲದ ಕಾಫಿ ಇಲ್ಲ, ‘ಜಾಗರಿ ಕಾಫಿ’ ಇದೆ. ಅದೂ ಕನ್ನಡ ಅಕ್ಷರದಲ್ಲೇ! ಆಲೆಮನೆಗಳ ಮಂಡ್ಯ ಸೀಮೆಯಲ್ಲೇ ಬೆಲ್ಲಕ್ಕೆ ಈ ಗತಿ.

ತಮಾಷೆಯೆಂದರೆ, ‘ಜಾಗರಿ’ ಎಂಬ ಆ ಇಂಗ್ಲಿಷ್ ಪದ ಹೊರಟಿದ್ದು ನಮ್ಮ ಕಡೆಯಿಂದಲೇ. ಸಂಸ್ಕೃತದ ‘ಶರ್ಕರಾ’ ಪದಕ್ಕೆ ನೊರಜುಗಲ್ಲು ಎಂಬ ಅರ್ಥವೂ ಉಂಟು. ಕಬ್ಬಿನ ಹಾಲು ಕುದಿದು ಹರಳುಗಟ್ಟಿದಾಗ ಅದಕ್ಕೂ ಅದೇ ಹೆಸರಾಯಿತು. ಪ್ರಾಕೃತದ ‘ಸಕ್ಕರಾ’ ನಮ್ಮಲ್ಲಿ ಸಕ್ಕರೆ. ಪರ್ಷಿಯನ್ನಿನಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’, ಅಲ್ಲಿಂದ ಯುರೋಪಿಗೆ ದಾಟಿ ಇಂಗ್ಲಿಷಿನ ‘ಶುಗರ್’. ಮಲಯಾಳದಲ್ಲಿ ‘ಶರ್ಕರ’ ಎಂದರೆ ಇಂದಿಗೂ ಬೆಲ್ಲ. ಪಶ್ಚಿಮ ಕರಾವಳಿಗೆ ಬಂದಿಳಿದ ಪೋರ್ಚುಗೀಸರ ಬಾಯಲ್ಲಿ ಅದು ‘ಜಾಗರ’ ಆಯಿತು, ಇಂಗ್ಲಿಷರು ಬಾಲ ತಿರುಚಿ ‘ಜಾಗರಿ’ ಮಾಡಿದರು.

ಹೋದ ಪದ ಮರಳಿ ಬಂದರೆ ತಕರಾರಿಲ್ಲ. ಆದರೆ ಬೆಲ್ಲಕ್ಕೇನು ಕೊರತೆ? ತೆಲುಗಿನಲ್ಲಿ ಬೆಲ್ಲಂ, ತಮಿಳಿನಲ್ಲಿ ವೆಲ್ಲಂ, ಎಲ್ಲ ನಮ್ಮ ನೆಂಟರೇ. ಯುಗಾದಿಗೆ ಬೇವು–ಜಾಗರಿ ಹಂಚಲು ಇನ್ನೂ ಯಾರೂ ಮುಂದಾಗಿಲ್ಲ. ಹೋಟೆಲಿನವರೂ ದಯವಿಟ್ಟು ಫಲಕ ಬದಲಿಸಲಿ.

– ಒಬ್ಬ ಓದುಗ, ಮಂಡ್ಯ