ಜೋಗದಿಂದ ತಳ್ಳಿದರೆ ಸಾಯುತ್ತಾನಾ ನಿನ್ನ ಮಂತ್ರವಾದಿ?

ಸಾಗರ

ಪ್ರೀತಿಯ ತಂಗಿ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಆಗುಂಬೆ ಕಾಡಿನ ಆ ಮಂತ್ರವಾದಿ ಚೆನ್ನಾಗಿ ಬಂದಿದ್ದಾನೆ. ಅವನು ಊರೊಳಗೆ ಕಾಲಿಟ್ಟರೆ ಕೊಟ್ಟಿಗೆಯ ದನಗಳು ಮೇವು ಬಿಡುತ್ತವೆ ಅಂತ ಬರೆದಿದ್ದೀಯಲ್ಲ, ಅಲ್ಲಿ ನನಗೂ ಮೈ ಜುಂ ಅಂತು. ಆದರೆ ಕೊನೆಯ ಕಾಳಗ ಓದಿ ಬೇಜಾರಾಯಿತು. ಗುಡ್ಡವನ್ನೇ ಎತ್ತಿ ಎಸೆದವನನ್ನು ಜೋಗದ ತುದಿಯಿಂದ ತಳ್ಳಿ ಸಾಯಿಸಿದ್ದೀಯ. 253 ಮೀಟರ್ ಹೌದು, ಒಪ್ಪೋಣ. ನಮ್ಮಂಥವರಿಗೆ ಧಾರಾಳ ಸಾಕು. ಅವನಿಗೆ ಸಾಲುತ್ತದಾ?

ಫ್ಯಾಂಟಸಿ ಸಿನಿಮಾಗಳಲ್ಲೂ ಇದೇ ರೋಗ. ಎರಡೂವರೆ ಗಂಟೆ ಖಳನನ್ನು ಬೆಳೆಸುತ್ತಾರೆ. ಕೊನೆಗೆ ಆ ಕಡೆಯಿಂದ ಒಂದು ಬಣ್ಣದ ಬೆಳಕು, ಈ ಕಡೆಯಿಂದ ಇನ್ನೊಂದು. ಯಾರದು ಜಾಸ್ತಿ ಜೋರೋ ಅವನು ಗೆದ್ದ. ಯಾಕೆ ಗೆದ್ದ ಅಂತ ಮಾತ್ರ ಕೇಳಬಾರದು.

ಹ್ಯಾರಿ ಪಾಟರ್‌ನ ಕೊನೆಯ ಪುಸ್ತಕವನ್ನೂ 2011ರ ಸಿನಿಮಾವನ್ನೂ ಪಕ್ಕಪಕ್ಕ ಇಟ್ಟು ನೋಡು. ಪುಸ್ತಕದಲ್ಲಿ ಹ್ಯಾರಿ, ಖಳ ವೋಲ್ಡೆಮಾರ್ಟ್ ಇಬ್ಬರೂ ಮಂತ್ರವಿದ್ಯೆಯ ಶಾಲೆಯ ದೊಡ್ಡ ಹಜಾರದಲ್ಲಿ, ಎಲ್ಲರ ಕಣ್ಣೆದುರು, ಒಬ್ಬರನ್ನೊಬ್ಬರು ಸುತ್ತುತ್ತಾ ಮಾತಾಡುತ್ತಾರೆ. ವೋಲ್ಡೆಮಾರ್ಟ್ ಹಿಡಿದಿರುವ ಮಂತ್ರದಂಡದ ನಿಜವಾದ ಒಡೆಯ ತಾನು ಅಂತ ಹ್ಯಾರಿ ಮೊದಲೇ ಬಿಡಿಸಿ ಹೇಳುತ್ತಾನೆ. ಆಮೇಲೆ ಇಬ್ಬರದೂ ಒಂದೊಂದೇ ಮಂತ್ರ. ದಂಡ ತನ್ನ ಒಡೆಯನನ್ನು ಕೊಲ್ಲುವುದಿಲ್ಲ; ತಾನು ಬಿಟ್ಟಿದ್ದು ತನಗೇ ತಿರುಗಿ ಬಡಿದು ವೋಲ್ಡೆಮಾರ್ಟ್ ಬೀಳುತ್ತಾನೆ. ನೆಲದ ಮೇಲೆ ಬರೀ ಒಂದು ಹೆಣ. ಸಾವಿಗೆ ಹೆದರಿ ಏನೆಲ್ಲ ಮಾಡಿದವನಿಗೆ ಅದೇ ತಕ್ಕದ್ದು, ಅಲ್ವಾ? ಸಿನಿಮಾದಲ್ಲಿ ಇಬ್ಬರೇ ಹಾರಾಡಿ ಹೊಡೆದಾಡಿ, ಕೊನೆಗೆ ಅವನು ಚೂರುಚೂರಾಗಿ ಗಾಳಿಯಲ್ಲಿ ತೇಲಿಹೋಗುತ್ತಾನೆ. ನೋಡುವುದಕ್ಕೆ ಸುತ್ತ ಒಬ್ಬರೂ ಇಲ್ಲ. ದಂಡದ ವಿಷಯ ಹ್ಯಾರಿ ಗೆಳೆಯರಿಗೆ ಹೇಳುವುದು ಎಲ್ಲ ಮುಗಿದ ಮೇಲೆ, ಸೇತುವೆ ಮೇಲೆ ನಿಂತು. ಎಲೆ ಎತ್ತಿದ ಮೇಲೆ ಉಪ್ಪು ಬಡಿಸಿದ ಹಾಗೆ.

ಲಾರ್ಡ್ ಆಫ್ ದಿ ರಿಂಗ್ಸ್‌ನ ಮೂರನೇ ಸಿನಿಮಾಕ್ಕೆ (2003) ವೀರ ಅರಗಾರ್ನ್ ನೇರವಾಗಿ ಖಳ ಸೌರಾನ್ ಜೊತೆ ಕಾದಾಡುವ ದೃಶ್ಯವನ್ನು ಶೂಟ್ ಮಾಡಿದ್ದರು. ಆಮೇಲೆ ಸೌರಾನ್ ಜಾಗಕ್ಕೆ ಒಬ್ಬ ಟ್ರೋಲ್ ರಾಕ್ಷಸನನ್ನು ಕೂರಿಸಿದರು. ಒಳ್ಳೇದೇ ಆಯ್ತು. ಸೌರಾನ್‌ನ ಬಲವೆಲ್ಲ ಇರುವುದು ಉಂಗುರದಲ್ಲಿ. ಅವನು ಕತ್ತಿಗೆ ಸಿಕ್ಕಿದ್ದರೆ, ಆ ಉಂಗುರವನ್ನು ನಾಶಮಾಡಲು ಫ್ರೋಡೋ ಅನ್ನುವ ಪುಟ್ಟವ ಅಷ್ಟು ದೂರ ನಡೆದದ್ದೇ ವ್ಯರ್ಥ.

ನಮ್ಮ ಕಥೆಗಳಿಗೆ ಇದು ಚೆನ್ನಾಗಿ ಗೊತ್ತು. ಹಿರಣ್ಯಕಶಿಪುವಿನ ವರದ ಒಂದು ಮಾತನ್ನೂ ನರಸಿಂಹ ಮುರಿಯುವುದಿಲ್ಲ. ಹೊಸ್ತಿಲು, ಮುಸ್ಸಂಜೆ, ತೊಡೆ, ಉಗುರು. ಎಷ್ಟು ಹೊತ್ತು ಹೊಡೆದಾಡಿದರು ಅಂತ ಯಾರಾದರೂ ಕೇಳುತ್ತಾರಾ? ಯಕ್ಷಗಾನದಲ್ಲೂ ಅಷ್ಟೆ. ಗದಾಯುದ್ಧದ ಪ್ರಸಂಗ ಇದ್ದರೆ ಜನ ನಿದ್ದೆಗೆಟ್ಟು ಕಾಯುವುದು ಗದೆಗಲ್ಲ. ನೀರೊಳಗೆ ಅಡಗಿದ ಕೌರವನನ್ನು ಭೀಮ ದಡದಲ್ಲಿ ನಿಂತು ಮೂದಲಿಸುತ್ತಾನಲ್ಲ, ಆ ಮಾತಿಗೆ. ಕೊನೆಗೆ ಏಟು ತೊಡೆಗೇ ಬೀಳುತ್ತದೆ. ಆ ತೊಡೆಯನ್ನು ಸಭೆಯಲ್ಲಿ ದ್ರೌಪದಿಗೆ ತೋರಿಸಿದ್ದು ಯಾರಿಗೆ ಮರೆತಿದೆ?

ಖಳನಿಗೆ ಬಲ ಕೊಡುವಾಗಲೇ ಎಲ್ಲೋ ಒಂದು ಸಂದು ಬಿಟ್ಟಿರಬೇಕು. ನೀನು ಬಿಟ್ಟಿದ್ದೀಯ, ಆಮೇಲೆ ಆ ಕಡೆ ತಿರುಗಿಯೂ ನೋಡಿಲ್ಲ. ಮೂರನೇ ಅಧ್ಯಾಯದಲ್ಲಿ ಅಜ್ಜಿಯೊಬ್ಬಳು ಜಗಲಿಗೆ ನೀರು-ಬೆಲ್ಲ ತಂದಿಟ್ಟಾಗ ಮಂತ್ರವಾದಿ ಮುಟ್ಟದೆ ಎದ್ದು ಹೋಗುತ್ತಾನೆ. ಯಾಕೆ? ಮನೆಗೆ ಬಂದವರು ಅದನ್ನು ಬೇಡ ಅನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ. ಯಾರ ಮನೆಯ ನೀರು ಕುಡಿದರೂ ಅವನ ಬಲ ಅಲ್ಲಿಗೇ ಕಟ್ಟುಬೀಳುತ್ತದಾ? ಅಥವಾ ಆ ಅಜ್ಜಿಯ ಕೈನೀರಿಗೆ ಮಾತ್ರವಾ? ಅದನ್ನು ಮೊದಲು ತೀರ್ಮಾನ ಮಾಡು. ಕತ್ತಿ ಹಿಡಿದ ಹುಡುಗನನ್ನು ಸುಮ್ನೆ ಅಂಗಳದಲ್ಲಿ ನಿಲ್ಲಿಸಿ, ಅಜ್ಜಿಯನ್ನು ಇನ್ನೊಂದು ಸಲ ಜಗಲಿಗೆ ಕರೆದು ನೋಡು. ಕಾಳಗ ಅರ್ಧ ಪುಟಕ್ಕೇ ಮುಗಿದರೂ ಪರವಾಗಿಲ್ಲ, ಬರೆದು ಕಳಿಸು.

ಇಂತಿ,
ನಿನ್ನ ಅಣ್ಣ