ಆಟದ ಮೈದಾನದ ಬಗ್ಗೆ ಪೋಷಕರಿಗೊಂದು ಪತ್ರ

ವಿಜಯಪುರ

ಮಾನ್ಯ ಪೋಷಕರಿಗೆ ನಮಸ್ಕಾರ.

ಕಳೆದ ಶನಿವಾರದ ಖೋಖೋ ಪಂದ್ಯಕ್ಕೆ ನಿಮ್ಮಲ್ಲಿ ಬಹಳ ಮಂದಿ ಬಂದಿದ್ದಿರಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಕಂಬ ಸುತ್ತಿ ತಿರುಗುವಾಗ ಕಾಲು ಹೊರಳಿ ಬಿದ್ದಳು. ಗೆರೆಯಾಚೆಯಿಂದ ಆಕೆಯ ತಂದೆ "ಏಳವಾ, ಏನ್ ಕುಂತಿ, ಓಡು!" ಎಂದು ಕೂಗಿದರು. ಎದ್ದು ಓಡಿದಳು. ಆಟ ಮುಗಿದಾಗ ಬೂಟು ಬಿಚ್ಚಲಾಗದಷ್ಟು ಕಾಲಿನ ಹರಡು ಊದಿತ್ತು. ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಅಪ್ಪ ಸಿಟ್ಟಾಗ್ತಾನ್ರಿ ಸರ್" ಅಂದಳು.

ಆ ತಂದೆಯವರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ತಪ್ಪು ಅವರೊಬ್ಬರದಲ್ಲ. ಆಕೆ ಬಿದ್ದದ್ದನ್ನು ನಾನೂ ನೋಡಿದ್ದೆ, ಪಂದ್ಯ ನಿಲ್ಲಿಸಲಿಲ್ಲ. ಎರಡೇ ಅಂಕದ ಅಂತರವಿತ್ತು, ನನಗೂ ಗೆಲ್ಲಬೇಕಾಗಿತ್ತು.

ಇನ್ನು ಮುಂದೆ ನಮ್ಮ ಮೈದಾನದಲ್ಲಿ ಯಾವ ಮಗು ಕೈ ಎತ್ತಿದರೂ ಆಟದಿಂದ ಹೊರಗೆ ಕರೆಯುತ್ತೇವೆ. ಯಾಕೆ ಎತ್ತಿದೆ ಎಂದು ನಾವು ಗದರುವುದಿಲ್ಲ, ನೀವೂ ಮನೆಗೆ ಹೋಗಿ ಗದರಬಾರದು.

ಉಳುಕಿದ ಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು, ಉಳುಕು ತೆಗೆಯುವವರ ಹತ್ತಿರ ಎಳೆಸುವುದು ನಮ್ಮ ಕಡೆಯ ರೂಢಿ. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ಮೊದಲ ಎರಡು ದಿನ ದಯವಿಟ್ಟು ಬೇಡ, ಬಾವು ಏರುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಬೆಳೆಯುವ ಮಕ್ಕಳ ಎಲುಬಿನ ತುದಿ ಇನ್ನೂ ಮೆತ್ತಗಿರುತ್ತದೆ. ನಾವು ಉಳುಕು ಅಂದುಕೊಂಡದ್ದು ಮುರಿತವೇ ಆಗಿರಬಹುದು. ತಲೆಗೆ ಪೆಟ್ಟು ಬಿದ್ದ ಮಗುವನ್ನು ಎಷ್ಟೇ ಹುಷಾರಾಗಿ ಕಂಡರೂ ಆ ದಿನ ಮತ್ತೆ ಆಡಿಸುವುದಿಲ್ಲ. ವಾಂತಿ, ಮಂಪರು ಕಂಡರೆ ಕಾಯದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ನಮ್ಮೂರಿನ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ಮೇಲೆ, "ನಮ್ಮ ಹುಡುಗಿನೂ ಹಂಗ ಆಗಬೇಕ್ರಿ" ಎನ್ನುವವರು ಹೆಚ್ಚಾಗಿದ್ದಾರೆ. ಆಸೆ ಒಳ್ಳೆಯದೇ. ಆದರೆ 14 ವರ್ಷದೊಳಗಿನವರ ವಿಭಾಗದಲ್ಲಿ ಆಡಿಸಲು ಜನ್ಮ ದಿನಾಂಕ ತಿದ್ದಿಕೊಡಿ ಎಂದು ಈ ವರ್ಷ ಇಬ್ಬರು ನನ್ನ ಕೊಠಡಿಗೆ ಬಂದಿದ್ದರು. ಚಹಾ ಕುಡಿಸಿ ಕಳಿಸಿದೆ. ಕಬಡ್ಡಿಯಲ್ಲಿ ಹದಿನಾರರ ಹುಡುಗ ಹದಿಮೂರರವನ ಮೇಲೆ ಬಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ತಾಲ್ಲೂಕು ಪಂದ್ಯಗಳಿಗೆ ಹೆಣ್ಣುಮಕ್ಕಳ ಜೊತೆ ಶಿಕ್ಷಕಿಯೊಬ್ಬರು ಕಡ್ಡಾಯವಾಗಿ ಬರುತ್ತಾರೆ. ತರಬೇತಿ ನೀಡುವವರು ಯಾರೇ ಇರಲಿ, ಅವರ ಮಾತು, ಮುಟ್ಟುವಿಕೆ ಇಷ್ಟವಾಗಲಿಲ್ಲ ಎಂದು ಮಗು ಹೇಳಿದರೆ ಮೊದಲು ನಂಬಿ. ನನ್ನಲ್ಲಿಗೆ ಬನ್ನಿ, ನನ್ನ ಮೇಲೆ ವಿಶ್ವಾಸವಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಪರರ ಮಕ್ಕಳ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ.

ಬಿಸಿಲಿಗಾಗಿ ಅಭ್ಯಾಸವನ್ನು ಬೆಳಿಗ್ಗೆ 6.30ಕ್ಕೆ ಇಟ್ಟಿದ್ದೇವೆ. ಬರಿಹೊಟ್ಟೆಯಲ್ಲಿ ಕಳಿಸಬೇಡಿ, ಅರ್ಧ ರೊಟ್ಟಿ ಹಿಂಡಿಯಾದರೂ ತಿಂದು ಬರಲಿ, ಕೈಯಲ್ಲಿ ನೀರಿನ ಬಾಟಲಿ ಇರಲಿ.

ಆ ಹುಡುಗಿಯ ಎಕ್ಸ್‌ರೇಯಲ್ಲಿ ಮುರಿತ ಕಾಣಲಿಲ್ಲ. ಮೂರು ವಾರ ವಿಶ್ರಾಂತಿ ಹೇಳಿದ್ದಾರೆ. ಮುಂದಿನ ಶನಿವಾರ ಅಂಕ ಬರೆಯುವ ಪುಸ್ತಕ ಹಿಡಿದು ಕೂರುವವಳು ಅವಳೇ. ನಿಮಗೂ ಕುರ್ಚಿ ಹಾಕಿಸಿರುತ್ತೇವೆ, ಗೆರೆಯಿಂದ ಹತ್ತು ಹೆಜ್ಜೆ ದೂರ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ